ಹೊಸ ಸ್ಕ್ರೀನ್ ತೆರೆಯುವಾಗ ಮಾತ್ರ ಅನಿಮೇಷನ್ ತಡವರಿಸುತ್ತದೆ, ಯಾಕೆ?

ಹೊಸಬ_ಕೋಡರ್

ಫ್ಲಟರ್‌ನಲ್ಲಿ (ಮೊಬೈಲ್ ಆ್ಯಪ್ ಕಟ್ಟುವ ಗೂಗಲ್‌ನ ಸಾಧನ) ಒಂದು ಆ್ಯಪ್ ಮಾಡುತ್ತಿದ್ದೇನೆ. ಒಂದು ಪಟ್ಟಿ, ಅದರಲ್ಲಿ ಯಾವುದನ್ನಾದರೂ ಒತ್ತಿದರೆ ವಿವರದ ಸ್ಕ್ರೀನ್, ಅಷ್ಟೇ. ಹೊಸ ಸ್ಕ್ರೀನ್ ಬಲಗಡೆಯಿಂದ ಜಾರಿಕೊಂಡು ಬರಬೇಕು. ಬರುತ್ತದೆ, ಆದರೆ ಅರ್ಧ ದಾರಿಯಲ್ಲಿ ಒಮ್ಮೆ ತಡವರಿಸಿ ಆಮೇಲೆ ದಬಕ್ಕನೆ ಕೊನೆಗೆ ಹಾರುತ್ತದೆ. ಬ್ಯಾಕ್ ಒತ್ತಿದಾಗ ಮಾತ್ರ ನೀರು ಹರಿದ ಹಾಗೆ ಹೋಗುತ್ತದೆ! ಡ್ಯೂರೇಷನ್ 300 ಮಿಲಿಸೆಕೆಂಡ್ ಇದ್ದದ್ದನ್ನು 600 ಮಾಡಿದೆ, ಕರ್ವ್ (ಜಾರುವ ವೇಗ ಏರಿಳಿಯುವ ರೀತಿ) ನಾಲ್ಕು ಥರ ಬದಲಿಸಿದೆ, ಏನೂ ಪ್ರಯೋಜನ ಇಲ್ಲ. ಹಳೇ ಆಂಡ್ರಾಯ್ಡ್ ಫೋನಿನಲ್ಲಿ ಇನ್ನೂ ಜಾಸ್ತಿ. ಬೇರೆ ಅನಿಮೇಷನ್ ಪ್ಯಾಕೇಜ್ ಹಾಕಬೇಕಾ?

ರಾತ್ರಿಪಾಳಿ

ಡೀಬಗ್ ಮೋಡ್‌ನಲ್ಲಿ (ಕೋಡ್‌ನ ತಪ್ಪು ಹುಡುಕಲು ಓಡಿಸುವ ರೀತಿ) ನೋಡುತ್ತಿದ್ದೀರಾ? ಹಾಗಿದ್ದರೆ ಆ ಲೆಕ್ಕವನ್ನೇ ನಂಬಬೇಡಿ, ಡೀಬಗ್‌ನಲ್ಲಿ ಎಲ್ಲಾ ನಿಧಾನವೇ. ನಿಜವಾದ ಫೋನಿನಲ್ಲಿ ಪ್ರೊಫೈಲ್ ಮೋಡ್ (ವೇಗ ಅಳೆಯಲು ಓಡಿಸುವ ರೀತಿ) ಹಾಕಿ, ಆ್ಯಪ್ ಮೇಲೆಯೇ ವೇಗದ ಗ್ರಾಫ್ ತೋರಿಸುವ ಪರ್ಫಾರ್ಮೆನ್ಸ್ ಓವರ್‌ಲೇ ತೆರೆದು ನೋಡಿ. ಎರಡು ಗ್ರಾಫ್ ಬರುತ್ತದೆ, ಒಂದು ಯುಐ ಥ್ರೆಡ್‌ದು (ನಿಮ್ಮ ಕೋಡ್ ಓಡಿ ಸ್ಕ್ರೀನ್ ಕಟ್ಟುವ ಕೆಲಸ), ಇನ್ನೊಂದು ರಾಸ್ಟರ್ ಥ್ರೆಡ್‌ದು (ಕಟ್ಟಿದ್ದನ್ನು ಪರದೆಗೆ ಬಿಡಿಸುವ ಕೆಲಸ). ಕೆಲಸ ತಡವಾದರೆ ಕೆಂಪು. ಯಾವುದು ಕೆಂಪಾಗುತ್ತದೆ ಹೇಳಿ, ಆಮೇಲೆ ಮಾತಾಡೋಣ.

ಅರ್ಧವಿರಾಮ

ಪ್ಯಾಕೇಜ್ ಏನೂ ಬೇಡ. ಬ್ಯಾಕ್ ಒತ್ತಿದಾಗ ಸರಿ ಇದೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಹಿಂದೆ ಹೋಗುವಾಗ ಹಳೆಯ ಸ್ಕ್ರೀನ್ ಆಗಲೇ ಕಟ್ಟಿ ಕೂತಿರುತ್ತದೆ, ಸುಮ್ನೆ ಜಾರಿಸಿದರೆ ಸಾಕು. ಮುಂದೆ ಹೋಗುವಾಗ ಹೊಸ ಸ್ಕ್ರೀನನ್ನು ಕಟ್ಟುತ್ತಾ ಕಟ್ಟುತ್ತಾನೇ ಜಾರಿಸಬೇಕು. 60 ಹರ್ಟ್ಜ್ ಪರದೆಯಲ್ಲಿ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವುದು) ಒಂದು ಫ್ರೇಮ್‌ಗೆ, ಅಂದರೆ ಒಂದು ಚಿತ್ರಕ್ಕೆ, ಸಿಗುವುದು ಸುಮಾರು 16.7 ಮಿಲಿಸೆಕೆಂಡ್, 120 ಆದರೆ ಅದರಲ್ಲೂ ಅರ್ಧ. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಆ ಫ್ರೇಮ್ ಹೋಯಿತು. ಅನಿಮೇಷನ್ ಮಾತ್ರ ಗಡಿಯಾರ ನೋಡಿಕೊಂಡೇ ಓಡುತ್ತಿರುತ್ತದೆ, ಯಾರಿಗೂ ಕಾಯುವುದಿಲ್ಲ, ಅದಕ್ಕೇ ಆ ದಬಕ್ಕನೆ ಹಾರಾಟ. ಡ್ಯೂರೇಷನ್ 600 ಮಾಡಿದ್ದರಿಂದ ತಪ್ಪು ಇನ್ನೂ ಚೆನ್ನಾಗಿ ಕಾಣುವ ಹಾಗಾಯಿತು, ಅಷ್ಟೇ.

ನನ್ನ ಅನುಮಾನ ಇದು: ಇನಿಟ್‌ಸ್ಟೇಟ್‌ನಲ್ಲಿ (ಸ್ಕ್ರೀನ್ ಹುಟ್ಟುವಾಗ ಒಮ್ಮೆ ಓಡುವ ಕೋಡ್) ಡೇಟಾ ಕೇಳುತ್ತೀರಿ, ಅದು ಜಾರಾಟ ಮುಗಿಯುವ ಮೊದಲೇ ಬಂದುಬಿಡುತ್ತದೆ, ಸೆಟ್‌ಸ್ಟೇಟ್ (‘ಬದಲಾಗಿದೆ, ಮತ್ತೆ ಕಟ್ಟು’ ಅನ್ನುವ ಸೂಚನೆ) ಆಗಿ ಇಡೀ ಸ್ಕ್ರೀನ್ ನಡುದಾರಿಯಲ್ಲಿ ಮತ್ತೆ ಕಟ್ಟುತ್ತದೆ. ‘ಅಸಿಂಕ್ ಹಾಕಿದ್ದೇನಲ್ಲ’ ಅಂತ ಎಲ್ಲರೂ ಹೇಳುತ್ತಾರೆ (ನಾನೂ ಹೇಳಿದ್ದೆ). ಅಸಿಂಕ್ ಅಂದರೆ ಕಾಯುವುದು ಮಾತ್ರ, ಕೆಲಸ ನಡೆಯುವುದು ಸ್ಕ್ರೀನ್ ಕಟ್ಟುವ ಅದೇ ಐಸೋಲೇಟ್‌ನಲ್ಲೇ (ಕೋಡ್ ಓಡುವ ಪ್ರತ್ಯೇಕ ಜಾಗ). ದೊಡ್ಡ ಜೇಸನ್ (ಸರ್ವರ್‌ನಿಂದ ಪಠ್ಯವಾಗಿ ಬರುವ ಡೇಟಾ) ಇದ್ದರೆ ಅದನ್ನು ಬಿಡಿಸುವ ಕೆಲಸ ಕಂಪ್ಯೂಟ್‌ಗೆ ಕೊಡಿ, ಅದು ಬೇರೆ ಐಸೋಲೇಟ್‌ನಲ್ಲಿ ಮಾಡುತ್ತದೆ. ಡೇಟಾ ಕೇಳುವುದನ್ನು ತಡ ಮಾಡಬೇಡಿ, ಒತ್ತಿದ ತಕ್ಷಣ ಕೇಳಿ. ತೋರಿಸುವುದನ್ನು ಮಾತ್ರ ರೂಟ್‌ನ (ಆ ಹೊಸ ಸ್ಕ್ರೀನಿನ) ಅನಿಮೇಷನ್ ‘ಕಂಪ್ಲೀಟೆಡ್’ ಆಗುವ ತನಕ ತಡೆದಿಡಿ, ಅಲ್ಲಿಯವರೆಗೆ ಹಗುರವಾದ ಖಾಲಿ ಚೌಕಟ್ಟು ಇರಲಿ. 300 ಮಿಲಿಸೆಕೆಂಡ್ ಕಾದು ತೋರಿಸು ಅಂತ ಫ್ಯೂಚರ್ ಡಿಲೇಡ್ ಹಾಕುವ ಚಾಳಿ ಬೇಡ, ನಾಳೆ ಯಾರಾದರೂ ಡ್ಯೂರೇಷನ್ ಬದಲಿಸಿದರೆ ಮತ್ತೆ ಇದೇ ಗೋಳು.

ಚಿತ್ರಗಳನ್ನೂ ನೋಡಿ. 4000×3000 ಫೋಟೋ ಬಿಚ್ಚಿಕೊಂಡರೆ ಮೆಮೊರಿಯಲ್ಲಿ 48 ಎಂಬಿ ತಿನ್ನುತ್ತದೆ, ತೋರಿಸುವುದು ಅಂಗೈಯಗಲ. ಕ್ಯಾಶ್‌ವಿಡ್ತ್ ಕೊಡಿ, ಆಗ ಅದು ಬೇಕಾದಷ್ಟು ಅಗಲಕ್ಕೇ ಬಿಚ್ಚಿಕೊಳ್ಳುತ್ತದೆ.

ಸೇತುವೆ_ದಾಟಿದವ

ನಾನು ರಿಯಾಕ್ಟ್ ನೇಟಿವ್ (ಜಾವಾಸ್ಕ್ರಿಪ್ಟ್‌ನಲ್ಲಿ ಆ್ಯಪ್ ಕಟ್ಟುವ ಸಾಧನ) ಕಡೆಯವನು, ಅಲ್ಲೂ ಇದೇ ರಾಮಾಯಣ. ನೇಟಿವ್ ಸ್ಟ್ಯಾಕ್ ಬಳಸಿದರೆ ಜಾರಾಟವನ್ನು ಫೋನಿನ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ, ಜೆಎಸ್ ಥ್ರೆಡ್ (ಜಾವಾಸ್ಕ್ರಿಪ್ಟ್ ಓಡುವ ಜಾಗ) ಉಸಿರುಗಟ್ಟಿದ್ದರೂ ಅನಿಮೇಷನ್ ನಿಲ್ಲುವುದಿಲ್ಲ. ಆದರೆ ಬರುವ ಸ್ಕ್ರೀನ್ ಖಾಲಿಯಾಗಿ ಬರಬಹುದು, ಅಂದರೆ ತೊಂದರೆ ಹೋಗಲಿಲ್ಲ, ಜಾಗ ಬದಲಿಸಿತು. ಅಲ್ಲಿನ ಅನಿಮೇಷನ್ ಲೈಬ್ರರಿ ಅನಿಮೇಟೆಡ್‌ನಲ್ಲಿ ಯೂಸ್‌ನೇಟಿವ್‌ಡ್ರೈವರ್ (ಅನಿಮೇಷನ್ ಅನ್ನು ಫೋನಿಗೇ ಒಪ್ಪಿಸುವ ಆಯ್ಕೆ) ಹಾಕಿದರೂ ಟ್ರಾನ್ಸ್‌ಫಾರ್ಮ್ (ಜರುಗಿಸು, ತಿರುಗಿಸು), ಒಪಾಸಿಟಿ (ಪಾರದರ್ಶಕತೆ) ಥರದ್ದಕ್ಕೆ ಮಾತ್ರ ನಡೆಯುತ್ತದೆ, ಅಗಲ ಎತ್ತರ ಬದಲಿಸಲು ಹೋದರೆ ಎರರ್.

ಹೊಸಬ_ಕೋಡರ್

ಪ್ರೊಫೈಲ್‌ನಲ್ಲಿ ನೋಡಿದೆ, ಕೆಂಪಾಗಿದ್ದು ಯುಐ ಥ್ರೆಡ್. ನಾಚಿಕೆ ಬಿಟ್ಟು ಹೇಳುತ್ತೇನೆ, ಎಂಟುನೂರು ಕಾಮೆಂಟ್‌ಗಳನ್ನು ಸಿಂಗಲ್‌ಚೈಲ್ಡ್‌ಸ್ಕ್ರಾಲ್‌ವ್ಯೂ ಒಳಗೆ ಒಂದು ಕಾಲಮ್‌ಗೆ ತುಂಬಿದ್ದೆ, ಎಲ್ಲಾ ಒಂದೇ ಸಲಕ್ಕೆ ಕಟ್ಟುತ್ತಿತ್ತು. ಪರದೆಯಲ್ಲಿ ಕಾಣುವಷ್ಟನ್ನೇ ಕಟ್ಟುವ ಲಿಸ್ಟ್‌ವ್ಯೂ ಬಿಲ್ಡರ್ ಮಾಡಿದೆ, ತೋರಿಸುವುದನ್ನು ಅನಿಮೇಷನ್ ಮುಗಿಯುವ ತನಕ ತಡೆದೆ, ಐಫೋನಿನಲ್ಲಿ ಈಗ ಏನೂ ಗೊತ್ತಾಗುವುದಿಲ್ಲ. ಹಳೇ ಆಂಡ್ರಾಯ್ಡ್‌ನಲ್ಲಿ ಮಾತ್ರ ಆ್ಯಪ್ ತೆರೆದ ಮೇಲೆ ಮೊದಲ ಸಲ ತಡವರಿಸುತ್ತದೆ, ಎರಡನೇ ಸಲದಿಂದ ಸರಿ.

ಅರ್ಧವಿರಾಮ

ಮೊದಲ ಸಲ ಮಾತ್ರ ಅಂದರೆ ಶೇಡರ್ (ಚಿತ್ರ ಬಿಡಿಸಲು ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುವುದು ಇರಬೇಕು, ಈಗ ರಾಸ್ಟರ್ ಗ್ರಾಫ್ ಕೆಂಪಾಗುತ್ತಿದೆ ಅಲ್ವಾ? ಫ್ಲಟರ್‌ನ ಹೊಸ ಚಿತ್ರ ಬಿಡಿಸುವ ಎಂಜಿನ್ ಇಂಪೆಲರ್ ಬಂದಿದ್ದೇ ಇದಕ್ಕೆ, ಶೇಡರ್‌ಗಳನ್ನು ಮೊದಲೇ ತಯಾರು ಮಾಡಿಟ್ಟುಕೊಂಡಿರುತ್ತದೆ. ಐಫೋನಿನಲ್ಲಿ ಫ್ಲಟರ್ 3.10ರಿಂದ, ಆಂಡ್ರಾಯ್ಡ್‌ನಲ್ಲಿ 3.27ರಿಂದ ಡೀಫಾಲ್ಟ್, ಆದರೆ ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದಾಗಿರಬೇಕು. ನಿಮ್ಮದು ಯಾವುದು?

ಹೊಸಬ_ಕೋಡರ್

ಆಂಡ್ರಾಯ್ಡ್ 9. ರಾಸ್ಟರ್ ಹೌದು.

ಅರ್ಧವಿರಾಮ

ಹಾಗಾದರೆ ಅಲ್ಲಿ ಇಂಪೆಲರ್ ತಾನಾಗಿ ಬರುವುದಿಲ್ಲ. ಆ ಫೋನಿನಲ್ಲಿ ಬ್ಲರ್, ದೊಡ್ಡ ನೆರಳು ಏನಾದರೂ ಇದ್ದರೆ ತೆಗೆದು ನೋಡಿ. ಮತ್ತೆ ಆ 600 ಅನ್ನು ವಾಪಸ್ 300 ಮಾಡಿ ಮಾರಾಯರೇ.