ಕೈಯಿಂದ ಮಾಡಿದ ಮ್ಯಾಂಡೊಲಿನ್ ತಗೊಳ್ಳಲಾ, ಗಿಟಾರಾ? ನಮ್ಮ ಮಳೆಗೆ ಯಾವುದು ತಡೆಯುತ್ತದೆ?

ಪೆರಡಾಲದವ, ಬದಿಯಡ್ಕ:

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದವ ನಾನು. ಸಣ್ಣವನಿದ್ದಾಗ ಆರು ವರ್ಷ ಪಿಟೀಲು ಕಲಿತಿದ್ದೆ, ಕರ್ನಾಟಕ ಸಂಗೀತ. ಆಮೇಲೆ ಕಾಲೇಜು, ತೋಟ, ಮದುವೆ ಅಂತ ಎಲ್ಲ ಬಿಟ್ಟುಹೋಯಿತು. ಈಗ 41 ವರ್ಷ. ಈ ಸಲ ಅಡಿಕೆ ಒಳ್ಳೆ ರೇಟಿಗೆ ಹೋಯಿತು, ಹೆಂಡತಿಯೇ "ನಿಮಗೆ ಬೇಕಾದ್ದು ಏನಾದರೂ ಒಂದು ತಗೊಳ್ಳಿ" ಅಂದಳು. ಅವಳ ಮನಸ್ಸು ಬದಲಾಗುವ ಮೊದಲು ತೀರ್ಮಾನ ಮಾಡಬೇಕು, ಅದಕ್ಕೇ ಈ ಅವಸರ. 60 ಸಾವಿರದವರೆಗೆ ಹಾಕಬಲ್ಲೆ.

ಹಳೆ ಕತೆ ಒಂದಿದೆ. ನಾಲ್ಕು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಂದು ಗಿಟಾರ್ ತರಿಸಿದ್ದೆ. ಪೂರ್ತಿ ಕೈಯಿಂದ ಮಾಡಿದ್ದು, ಸ್ಪ್ರೂಸ್ ಮರ ಅಂತೆಲ್ಲ ಬರೆದಿದ್ದರು. ಜನವರಿಯಲ್ಲಿ ಬಂತು, ಒಳ್ಳೆಯ ನಾದ, ಖುಷಿಯಾಗಿತ್ತು. ಆಟಿ ತಿಂಗಳಿಗೆ, ಜೋರು ಮಳೆಯಲ್ಲಿ, ಅದಕ್ಕೆ ಹೊಟ್ಟೆ ಬಂತು. ತಮಾಷೆ ಅಲ್ಲ, ತಂತಿ ಕೂರುವ ಬ್ರಿಜ್‌ನ ಹಿಂದೆ ಹಲಗೆ ಉಬ್ಬಿ ತಂತಿ ಎಷ್ಟು ಮೇಲೆ ಹೋಯಿತು ಅಂದರೆ ಒತ್ತಿದರೆ ಬೆರಳಿನಲ್ಲಿ ಗೀರು ಬೀಳುತ್ತಿತ್ತು. ಥಂಡಿ ಅಂತ ಅಡುಗೆಮನೆ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಟ್ಟೆ. ಹದಿನೈದು ದಿನಕ್ಕೆ ಬ್ರಿಜ್ ಹಿಂದಿನಿಂದ ಬಾಯಿ ಬಿಟ್ಟಿತು. ಮಾರಿದವರನ್ನು ಕೇಳಿದರೆ "ಅದು ನಿಮ್ಮ ಊರಿನ ಹವೆ ಸರ್" ಅಂದು ಫೋನ್ ಇಟ್ಟರು. ಈಗ ಕಪಾಟಿನ ಮೇಲೆ ಮಲಗಿದೆ.

ಪಿಟೀಲು ಬರುವವರಿಗೆ ಮ್ಯಾಂಡೊಲಿನ್ ಸುಲಭ, ಎರಡಕ್ಕೂ ಒಂದೇ ಶ್ರುತಿ ಅಂತ ಗೆಳೆಯನೊಬ್ಬ ಹೇಳಿದ. ಹೌದಾ? ದುಬೈಯಲ್ಲಿರುವ ಭಾವ ಅಲ್ಲಿಂದಲೇ ಒಂದು ತರುತ್ತೇನೆ ಅನ್ನುತ್ತಾರೆ, ಅದು ಬೇರೆ. ಇನ್ನೊಂದು, ಕೇಳಿ ನಗಬೇಡಿ: ಹಳೆ ಮನೆ ಕೆಡವಿದಾಗ ಮುಚ್ಚಿಗೆಯ ಹಲಸಿನ ಹಲಗೆ ಎರಡು ಎತ್ತಿಟ್ಟಿದ್ದೇನೆ. ಅಜ್ಜನ ಕಾಲದ್ದು. ಅದರಲ್ಲಿ ಮಾಡಿಸಬಹುದಾ?

ತಂತಿಅಕ್ಕ, ಮಂಜೇಶ್ವರ:

ಮಾರಾಯ್ರೇ, ಅಟ್ಟದಲ್ಲಿ ಇಟ್ಟದ್ದೇ ತಪ್ಪು. ಕೊಬ್ಬರಿಗೆ ಒಳ್ಳೆಯದು, ಗಿಟಾರಿಗಲ್ಲ. ಮಳೆಗಾಲದಲ್ಲಿ ಮರ ನೀರು ಕುಡಿದು ಅಡ್ಡಕ್ಕೆ ಹಿಗ್ಗುತ್ತದೆ, ಹಿಗ್ಗಲು ಜಾಗ ಇಲ್ಲದೆ ಮೇಲಕ್ಕೆ ಉಬ್ಬುತ್ತದೆ, ಬ್ರಿಜ್ಜನ್ನೂ ಎತ್ತುತ್ತದೆ. ಅಷ್ಟೇ ಆಗಿದ್ದರೆ ಚಳಿಗಾಲಕ್ಕೆ ಮುಕ್ಕಾಲು ಪಾಲು ತಾನೇ ಇಳಿಯುತ್ತಿತ್ತು. ನೀವು ಉಬ್ಬಿದ್ದನ್ನು ಒಲೆಯ ಬಿಸಿಗೆ ಇಟ್ಟಿರಿ, ಅಂಟು ಮೆತ್ತಗಾಯಿತು. ತಂತಿ ಬೇರೆ ಎಳೆಯುತ್ತಿತ್ತು, ಇನ್ನೇನಾಗಬೇಕು?

ಈಗ ಮ್ಯಾಂಡೊಲಿನ್ ವಿಷಯ. ನಿಮ್ಮ ಗೆಳೆಯ ಹೇಳಿದ್ದು ಅರ್ಧ ಸರಿ. ಪಾಶ್ಚಾತ್ಯ ಪಿಟೀಲು ಕಲಿತವರಿಗೆ ಒಂದೇ ಶ್ರುತಿ: ಜಿ, ಡಿ, ಎ, ಇ. ಆದರೆ ನೀವು ಕಲಿತದ್ದು ಸ-ಪ-ಸ-ಪ ಅಲ್ವಾ? ಮ್ಯಾಂಡೊಲಿನಿನಲ್ಲಿ ಪ್ರತಿ ತಂತಿಯೂ ಹಿಂದಿನದರ ಪಂಚಮ. ದಪ್ಪ ತಂತಿಯನ್ನು ಸ ಅಂತ ಇಟ್ಟುಕೊಂಡರೆ ಎರಡನೆಯದು ಪ, ಸರಿ. ಮೂರನೆಯದು ಮೇಲಿನ ಸ ಬರುವ ಬದಲು ರಿ ಬರುತ್ತದೆ, ನಾಲ್ಕನೆಯದು ಪ ಬದಲು ಧ. ಮೇಲಿನ ಎರಡು ತಂತಿಯಲ್ಲಿ ಬೆರಳು ಹಳೆ ಜಾಗಕ್ಕೇ ಓಡುತ್ತದೆ. ನನಗೆ ಅದು ಬಿಟ್ಟುಹೋಗಲು ನಾಲ್ಕು ತಿಂಗಳು ಬೇಕಾಯಿತು. ಸ-ಪ-ಸ-ಪಕ್ಕೇ ಇಳಿಸಿಕೊಳ್ಳಬಹುದು, ಕೆಲವರು ಹಾಗೆಯೇ ಮಾಡುತ್ತಾರೆ, ಆದರೆ ಆಗ ತಂತಿಯ ದಪ್ಪವನ್ನೂ ಬದಲಾಯಿಸಬೇಕು, ಇಲ್ಲದಿದ್ದರೆ ಸಡಿಲವಾಗಿ ಜೊಳಜೊಳ ಅನ್ನುತ್ತದೆ.

ಇನ್ನೊಂದು ಮೊದಲೇ ಹೇಳಿಬಿಡುತ್ತೇನೆ. ಯು. ಶ್ರೀನಿವಾಸ್ ಅವರದು ಕೇಳಿ ಆಸೆ ಹುಟ್ಟಿದ್ದರೆ (ನನಗೂ ಹಾಗೇ ಹುಟ್ಟಿದ್ದು), ಅವರು ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್, ಜೋಡಿ ತಂತಿ ತೆಗೆದು ಒಂಟಿ ಮಾಡಿ 5 ತಂತಿ ಕಟ್ಟಿಸಿಕೊಂಡದ್ದು. ಮಾಮೂಲಿ ಮ್ಯಾಂಡೊಲಿನಿನಲ್ಲಿ 8 ತಂತಿ, ನಾಲ್ಕು ಜೋಡಿ. ಜೋಡಿ ತಂತಿಯನ್ನು ಎಳೆದು ತೋಡಿ ರಾಗದ ಗಾಂಧಾರ ಅಲ್ಲಾಡಿಸಿ ನೋಡಿ, ಎರಡೂ ಒಂದೇ ಕಡೆ ನಿಲ್ಲುವುದಿಲ್ಲ. ಭಾವಗೀತೆ, ಹಳೆ ಸಿನಿಮಾ ಹಾಡು, ಭಜನೆ, ಇದಕ್ಕೆಲ್ಲ ಅದರಷ್ಟು ಚಂದದ ವಾದ್ಯ ಇಲ್ಲ. ಆಲಾಪನೆಗೆ ಕಷ್ಟ.

ಕೊಳ್ಳುವುದಾದರೆ 60 ಸಾವಿರಕ್ಕೆ ಸುರುಳಿ ಕೆತ್ತಿದ ಎಫ್ ಮಾದರಿ ಹುಡುಕಬೇಡಿ. ಆ ಸುರುಳಿ ಕೆತ್ತಲು ಕೆಲಸ ಜಾಸ್ತಿ, ಅದಕ್ಕೇ ದುಡ್ಡು ಹೋಗುತ್ತದೆ, ನಾದಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ. ನೀರಿನ ಹನಿಯ ಆಕಾರದ ಎ ಮಾದರಿ ಕೇಳಿ, ಅದೇ ದುಡ್ಡಿಗೆ ಒಳ್ಳೆ ಮರ ಸಿಗುತ್ತದೆ. ಮನೆಯಲ್ಲಿ ಒಬ್ಬರೇ ನುಡಿಸುವುದಾದರೆ ಮೊಟ್ಟೆಯಾಕಾರದ ತೂತಿನದು. ಧ್ವನಿ ದುಂಡಗೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ನಾಲ್ಕು ಜನರ ನಡುವೆ ಎದ್ದು ಕೇಳಬೇಕಾದರೆ ಇಂಗ್ಲಿಷ್ ಎಫ್ ಅಕ್ಷರದಂಥ ತೂತಿನದು.

ಮತ್ತೆ, ಮ್ಯಾಂಡೊಲಿನಿನ ಬ್ರಿಜ್ಜಿಗೆ ಅಂಟೇ ಇಲ್ಲ! ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ತಂತಿ ಬದಲಾಯಿಸುವಾಗ ಒಂದೊಂದೇ ಬಿಚ್ಚಿ, ಎಲ್ಲ ಒಟ್ಟಿಗೆ ಬಿಚ್ಚಿದರೆ ಬ್ರಿಜ್ ಕೈಗೆ ಬರುತ್ತದೆ, ಮತ್ತೆ 12ನೇ ಮನೆಯಲ್ಲಿ (ಫ್ರೆಟ್ಟಿನಲ್ಲಿ) ಸ್ವರ ಕೂಡಿಸುತ್ತ ಅರ್ಧ ದಿನ ಕೂರಬೇಕು.

ಭಾವನಿಗೆ ಬೇಡ ಅನ್ನಿ. ಅಲ್ಲಿ ಎಸಿಯಲ್ಲಿ ಒಣಗಿ ಕೂತದ್ದು ಜುಲೈಯಲ್ಲಿ ಮಂಗಳೂರಿನಲ್ಲಿ ಇಳಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ತರುವುದೇ ಆದರೆ ಡಿಸೆಂಬರಿನಲ್ಲಿ ತರಲಿ.

ಹೊಸೂರು ಗಾಳಿ:

ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ನಾನು ಗಿಟಾರ್ ಪಕ್ಷ. ಅಣ್ಣ, ಮೊದಲು ಆ ಹಳೆಯದನ್ನು ಕಪಾಟಿನಿಂದ ಇಳಿಸಿ. ಒಂದು ಕಾಗದ ತಗೊಂಡು ಬ್ರಿಜ್ ಹಿಂದೆ ತೂರಿಸಿ ನೋಡಿ, ಎಷ್ಟು ಒಳಗೆ ಹೋಗುತ್ತದೆ? ಅಂಚಿನಲ್ಲೇ ನಿಂತರೆ ಅಂಟು ಹಾಕಿ ಹಿಡಿಸಿದರೆ ಆಯಿತು. ಆಮೇಲೆ ತೂತಿನ ಅಂಚು ನೋಡಿ. ಮೇಲಿನ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಒಂದೇ ಹಲಗೆ. ಮೂರು ಪದರ ಕಂಡರೆ ಪ್ಲೈವುಡ್, ಮೇಲೆ ಸ್ಪ್ರೂಸ್ ಸಿಪ್ಪೆ. ನಿಮ್ಮ ಹೊಟ್ಟೆ ಕತೆ ಕೇಳಿದರೆ ಒಂದೇ ಹಲಗೆ ಅಂತ ಕಾಣುತ್ತದೆ, ಪ್ಲೈವುಡ್ ಅಷ್ಟು ಉಬ್ಬುವುದು ಕಡಿಮೆ. ಮಳೆಗಾಲದ ಭಜನೆ, ದೇವಸ್ಥಾನದ ಜಗಲಿ ಅಂತ ತಿರುಗುವವರಿಗೆ ನಿಜ ಹೇಳಬೇಕೆಂದರೆ ಪ್ಲೈವುಡ್ಡೇ ವಾಸಿ, ಯಾರೂ ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ನನ್ನದು ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಮಾಡಿಸಿದ್ದು, 14 ತಿಂಗಳು ಕಾದೆ. 60 ಸಾವಿರಕ್ಕಿಂತ ಜಾಸ್ತಿ ಆಯಿತು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಮನೆಯವರೂ ಈ ಕಡೆ ಬರುತ್ತಾರೆ. ಮೊದಲ ದಿನ ಹೋದಾಗ ಅವರು ಮರದ ಬಗ್ಗೆ ಏನೂ ಹೇಳಲಿಲ್ಲ. "ನುಡಿಸಿ" ಅಂದರು. ನಾನು ನುಡಿಸುತ್ತಿದ್ದರೆ ಅವರು ನನ್ನ ಎಡಗೈ ಹೆಬ್ಬೆರಳನ್ನೇ ನೋಡುತ್ತಿದ್ದರು. ಆಮೇಲೆ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿ ಹಾಯುವ ಪಟ್ಟಿ) 43 ಮಿಲಿಮೀಟರ್ ಅಗಲದ್ದು ಒಂದು, 44.5ರದ್ದು ಒಂದು ಕೈಗೆ ಕೊಟ್ಟರು. ಒಂದೂವರೆ ಮಿಲಿಮೀಟರಿಗೆ ಏನು ಮಹಾ ಅಂದುಕೊಂಡಿದ್ದೆ. ನನ್ನ ಬೆರಳು ದಪ್ಪ, ಎರಡನೆಯದರಲ್ಲಿ ಡಿ ಕಾರ್ಡ್ ಹಿಡಿದರೆ ಪಕ್ಕದ ತಂತಿಗೆ ತಾಗಲೇ ಇಲ್ಲ. ಹತ್ತು ವರ್ಷ ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆನಲ್ಲ ಅನಿಸಿತು. ಆಮೇಲೆ ಮೇಲಿನ ಹಲಗೆಯನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಕಿವಿಯ ಹತ್ತಿರ ತಟ್ಟಿದರು. ಸ್ವಲ್ಪ ಹೆರೆದರು. ಮತ್ತೆ ತಟ್ಟಿದರು. ಅರ್ಧ ಗಂಟೆ ಇದೇ. ಫ್ಯಾಕ್ಟರಿಯವರು ಇಷ್ಟು ಹೊತ್ತು ಕೂರುವುದಿಲ್ಲ, ಎಲ್ಲಿ ಹೋದರೂ ಮುರಿಯಬಾರದು ಅಂತ ಸ್ವಲ್ಪ ದಪ್ಪಗೇ ಬಿಡುತ್ತಾರೆ. ಕೈಯಿಂದ ಮಾಡಿದ್ದಕ್ಕೆ ನೀವು ಕೊಡುವ ದುಡ್ಡು ಆ ಹೆರೆಯುವುದಕ್ಕೆ, ಆ ಕುತ್ತಿಗೆಗೆ. ಮುತ್ತಿನ ಚಿಪ್ಪಿನ ಹೂವಿಗಲ್ಲ.

ಭಾವ ತರುವ ವಾದ್ಯದಲ್ಲಿ ನಮ್ಮ ಬೀಟೆ ಇದ್ದರೆ ಹೆದರಬೇಡಿ. 2017ರಲ್ಲಿ ಬೀಟೆ ಜಾತಿಗೆಲ್ಲ ಗಡಿ ದಾಟಲು ಕಾಗದ ಬೇಕು ಅಂತ ಆಗಿತ್ತು, 2019ರಲ್ಲಿ ತಯಾರಾದ ಸಂಗೀತ ವಾದ್ಯಕ್ಕೆ ವಿನಾಯಿತಿ ಕೊಟ್ಟರು. ಬ್ರೆಜಿಲಿನ ಬೀಟೆಗೆ ಮಾತ್ರ ಆ ವಿನಾಯಿತಿ ಇಲ್ಲ.

ಪೆರಡಾಲದವ, ಬದಿಯಡ್ಕ:

ಕಾಗದ ತೂರಿಸಿದೆ. ಬಸ್ ಟಿಕೆಟೇ ಪೂರ್ತಿ ಒಳಗೆ ಹೋಯಿತು! ಹಲಗೆ ಒಂದೇ, ಅಂಚಿನಲ್ಲಿ ಗೆರೆ ಕಾಣುತ್ತದೆ. ಹಾಗಾದರೆ ಬರೆದದ್ದು ಸುಳ್ಳಲ್ಲ, ನಾನೇ ಕೆಡಿಸಿದ್ದು ಅನ್ನಿ. ಆದರೆ ಮಾರಿದವರು ಅಟ್ಟದಲ್ಲಿ ಇಡಬೇಡಿ ಅಂತ ಒಂದು ಮಾತು ಹೇಳಬಹುದಿತ್ತು. ತಂತಿಅಕ್ಕ, ಜಾಸ್ತಿ ಕೇಳುವುದು ಭಾವಗೀತೆಯೇ, ಆಲಾಪನೆ ನನ್ನಿಂದ ಪಿಟೀಲಿನಲ್ಲೂ ಆಗುತ್ತಿರಲಿಲ್ಲ. ಹಲಸಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಮದ್ದಳೆ ಮನೆ, ಮುಳ್ಳೇರಿಯ:

ಹಲಸಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮಲ್ಲಿ ಮದ್ದಳೆಗೆ ಹಲಸು, ಚೆಂಡೆಗೆ ಹಲಸು, ತಂಜಾವೂರಿನ ವೀಣೆಗೂ ಹಲಸು. ಏಕಾಂಡ ವೀಣೆ ಅಂದರೆ ಒಂದೇ ದಿಮ್ಮಿಯಲ್ಲಿ ಕೊರೆದದ್ದು. ಹಾಗಾಗಿ ನಗುವ ಮಾತೇ ಇಲ್ಲ. ಆದರೆ ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ಗಿಟಾರ್ ಆಗಲಿ ಮ್ಯಾಂಡೊಲಿನ್ ಆಗಲಿ, ಮೇಲಿನ ಹಲಗೆ ಹಗುರ ಇರಬೇಕು, ಬಾಗಲೂ ಬಾರದು. ಸ್ಪ್ರೂಸ್, ಸೀಡರ್ ಅದಕ್ಕೇ ಬಳಸುವುದು. ಹಲಸು ಅದಕ್ಕೆ ಭಾರ. ಹಿಂದಿನ ಹಲಗೆಗೆ, ಪಕ್ಕಕ್ಕೆ ಹಾಕಿಸಿ, ಹಳದಿ ಬಣ್ಣ ವರ್ಷ ಹೋದಂತೆ ಜೇನಿನ ಹಾಗೆ ಕಪ್ಪೇರುತ್ತದೆ, ನೋಡಲೇ ಒಂದು ಖುಷಿ.

ಹಲಗೆಯ ಕೊಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಗೆರೆಗಳು ನೆಟ್ಟಗೆ ಮೇಲಿಂದ ಕೆಳಗೆ ನಿಂತಿದ್ದರೆ ಇಟ್ಟುಕೊಳ್ಳಿ. ಮಲಗಿದ ಹಾಗೆ ಬಿಲ್ಲಿನಂತೆ ಇದ್ದರೆ ಅದು ಮಳೆಗೆ ಡೊಂಕಾಗುತ್ತದೆ, ಬೆಂಚು ಮಾಡಿಸಿ. ಮೊಳೆಯ ಸುತ್ತ ಕಪ್ಪಾದ ಭಾಗ ಬಿಡಿ. ಸಣ್ಣ ತೂತಿನಿಂದ ಹಿಟ್ಟು ಉದುರುತ್ತಿದ್ದರೆ ಹುಳ ಇನ್ನೂ ಇದೆ ಅಂತ ಅರ್ಥ, ಅದನ್ನು ಯಾವ ಕೆಲಸಗಾರನ ಮನೆಗೂ ತಗೊಂಡು ಹೋಗಬೇಡಿ, ಅವರ ಉಳಿದ ಮರವೂ ಹೋಗುತ್ತದೆ. ಅಜ್ಜನ ಕಾಲದ್ದು ಅಂತ ಕೂಡಲೇ ಕೊಯ್ದು ಜೋಡಿಸುವುದೂ ಬೇಡ. ತೆಳು ಕೊಯ್ದ ಮೇಲೆ ಕೆಲವು ತಿಂಗಳು ಮಾಡುವವರ ಕೋಣೆಯಲ್ಲೇ ಇರಲಿ.

ಜತ್ತದ ತಂಬೂರಿ:

ನಾ ಗಿಟಾರ್ ಮಂದಿ ಅಲ್ರೀ, ತಂಬೂರಿ ಇಟ್ಟುಕೊಂಡು ಭಜನೆ ಹಾಡುವವ. ಆದರೂ ಒಂದು ಮಾತು. ನಮಗೆ ಮಿರಜ ಹತ್ತಿರ. ಅಲ್ಲಿಯ ಸಿತಾರ, ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ ಬಂತು, ಈಗ ಎಲ್ಲರೂ ಫೋಟೋ ತೆಗೆಯಲು ಹೋಗುತ್ತಾರೆ. ನಾನು ನನ್ನ ತಂಬೂರಿಯ ಜವಾರಿ ತೆಗೆಸಲು, ಅಂದರೆ ಬ್ರಿಜ್ ತೀಡಿಸಿ ಝೇಂಕಾರ ಬರಿಸಲು, ಹೋಗಿದ್ದೆ. ಆ ಮುದುಕರು ಬ್ರಿಜ್ಜಿನ ಮೇಲೆ ಕಾನಸು ಎರಡೇ ಸಲ ಎಳೆದರು, ತಂತಿಯ ಕೆಳಗೆ ದಾರ ಸರಿಸಿದರು, ಕಣ್ಣು ಮುಚ್ಚಿ ಕೇಳಿದರು, ತಲೆ ಅಲ್ಲಾಡಿಸಿದರು, ಮತ್ತೆ ಎಳೆದರು. ಚಹಾ ಬಂತು, ಆರಿಹೋಯಿತು. ಒಂದು ಹೊತ್ತಿಗೆ ಜ್ಝೂಂ ಅಂತ ಇಡೀ ಅಂಗಡಿ ತುಂಬಿತು ನೋಡ್ರಿ. ನಮಗೆ ಆ ಝೇಂಕಾರ ಬೇಕು, ನಿಮ್ಮ ಗಿಟಾರಿಗೆ ಅದೇ ಬಂದರೆ ರೋಗ ಅಂತೀರಿ. ಆದರೆ ಎರಡೂ ಅದೇ ಕೂದಲೆಳೆ ಜಾಗದಾಗ ಇರೋದು.

ನಾ ಹೇಳೋದು ಇಷ್ಟೇ. ಮಾಡುವವರ ಹತ್ತಿರ ಹೋಗಿ ಕೂಡ್ರಿ. "ಒಂದು ಮಳೆಗಾಲ ಕಳೆದ ಮೇಲೆ ತರುತ್ತೇನೆ, ತಂತಿ ಎತ್ತರ ಸರಿ ಮಾಡಿ ಕೊಡ್ತೀರಾ?" ಅಂತ ಕೇಳ್ರಿ. ಕೊಡುತ್ತೇನೆ ಅಂದವರ ಹತ್ತಿರ ಮಾಡಿಸ್ರಿ, ಮರ ಯಾವುದೇ ಇರಲಿ.

ತಂತಿಅಕ್ಕ, ಮಂಜೇಶ್ವರ:

ಜತ್ತದ ಅಣ್ಣನ ಪ್ರಶ್ನೆ ಬರೆದಿಟ್ಟುಕೊಳ್ಳಿ, ಪೆರಡಾಲದವರೇ. ನಾನು ಅದನ್ನು ಕೇಳದೆ ಮೊದಲನೆಯದನ್ನು ತಗೊಂಡು ಅನುಭವಿಸಿದ್ದೇನೆ.

ಮತ್ತೆ ತೇವ ಅಳೆಯುವ ಮೀಟರ್ ಒಂದು ತಗೊಳ್ಳಿ, ಸಣ್ಣದು ಸಾಕು. ವಾದ್ಯಕ್ಕೆ ಶೇಕಡಾ 45ರಿಂದ 55 ಒಳ್ಳೆಯದು ಅನ್ನುತ್ತಾರೆ. ನಮ್ಮ ಜುಲೈಯಲ್ಲಿ ಅದು ಕನಸು, ಆದರೆ ಗಟ್ಟಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಮುಚ್ಚಿದರೆ ನನ್ನದು 60ರ ಹತ್ತಿರ ನಿಲ್ಲುತ್ತದೆ. ಬಣ್ಣ ಬದಲಾದಾಗ ಜೆಲ್ ಬಿಸಿ ಮಾಡಿ ಮತ್ತೆ ಹಾಕಬಹುದು. ನುಡಿಸಿ ಗೋಡೆಗೆ ತೂಗುಹಾಕಬೇಡಿ. ಮೀಟರನ್ನು ಹಾಗೇ ನಂಬಲೂ ಬೇಡಿ: ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದಷ್ಟು ಮಾತ್ರ ನೀರು ಬಿಟ್ಟು ಗಸಿಯ ಹಾಗೆ ಮಾಡಿ, ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು.

ಪೆರಡಾಲದವ, ಬದಿಯಡ್ಕ:

ಎಲ್ಲರಿಗೂ ಉಪಕಾರ. ತೀರ್ಮಾನ ಆಯಿತು: ಎ ಮಾದರಿ ಮ್ಯಾಂಡೊಲಿನ್, ಮೊಟ್ಟೆ ತೂತಿನದು, ಹಿಂದಿನ ಹಲಗೆ ನಮ್ಮ ಹಲಸು. ಎರಡರಲ್ಲಿ ಒಂದು ಹಲಗೆಯ ಗೆರೆ ನೆಟ್ಟಗಿದೆ, ಇನ್ನೊಂದು ಬೆಂಚಿಗೇ. ಮಾಡುವವರೊಬ್ಬರಿಗೆ ಫೋನ್ ಮಾಡಿ ಜತ್ತದವರ ಪ್ರಶ್ನೆಯನ್ನೇ ಮೊದಲು ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಎರಡು ಮಳೆಗಾಲ ಆದರೂ ತನ್ನಿ" ಅಂದರು. ಮುಂದಿನ ವಾರ ಹಲಗೆ ಹೊತ್ತುಕೊಂಡು ಹೋಗುತ್ತೇನೆ. ಹಳೆ ಗಿಟಾರಿನ ಬ್ರಿಜ್ಜೂ ಅವರೇ ಕೂರಿಸಿಕೊಡುತ್ತಾರಂತೆ.

ಮೀಟರ್ ಬಂತು. ರಾತ್ರಿ ಉಪ್ಪಿನ ಜೊತೆ ಉಪ್ಪಿನಕಾಯಿ ಡಬ್ಬಿಯಲ್ಲಿ ಇಟ್ಟಿದ್ದೆ, ಹೆಂಡತಿ ನೋಡಿ ಏನೂ ಹೇಳಲಿಲ್ಲ. ಬೆಳಿಗ್ಗೆ 81 ತೋರಿಸುತ್ತಿದೆ. ಅಂದರೆ 6 ಕಳೆದು ಓದಬೇಕು, ಅಲ್ವಾ ಅಕ್ಕ?