'ದಿ ಗಾರ್ಡ್' ಮನೆಯವರ ಜೊತೆ ಕೂತು ನೋಡಬಹುದಾ? ನೋಡಿದವರು ಹೇಳಿ

ಭಾನುವಾರ ಅಪ್ಪ, ಅಮ್ಮ, ತಂಗಿ ಜೊತೆ ನೋಡಲು 2011ರ ಐರಿಶ್ ಸಿನಿಮಾ 'ದಿ ಗಾರ್ಡ್' ಎತ್ತಿಟ್ಟಿದ್ದೇನೆ. ಒಬ್ಬ ಹಳ್ಳಿ ಪೊಲೀಸ್, ಒಬ್ಬ ಅಮೆರಿಕದ ಎಫ್‌ಬಿಐ ಅಧಿಕಾರಿ, ಇಬ್ಬರೂ ಕೊಕೇನ್ ಸಾಗಿಸುವವರ ಹಿಂದೆ ಬೀಳುತ್ತಾರೆ ಅನ್ನುವಷ್ಟು ಗೊತ್ತು. ಅಪ್ಪನಿಗೆ ಪೊಲೀಸ್ ಸಿನಿಮಾ ಅಂದ್ರೆ ಪ್ರಾಣ. ಮಾತು ಅರ್ಥ ಆಗುತ್ತಾ? ಮುಜುಗರ ಆಗಲ್ಲ ತಾನೇ?

ಉತ್ತರ: ಅಪ್ಪನ ಜೊತೆ ಬೇಡವೇ ಬೇಡ. ಶುರುವಿನಲ್ಲೇ ಕಾರು ಪಲ್ಟಿಯಾಗಿ ಹುಡುಗರು ಸತ್ತು ಬಿದ್ದಿರುತ್ತಾರೆ. ಸಾರ್ಜೆಂಟ್ ಜೆರಿ ಬಾಯ್ಲ್ ಒಬ್ಬನ ಜೇಬು ತಡಕಿ, ಸಿಕ್ಕ ಡ್ರಗ್ಸನ್ನು ತನ್ನ ನಾಲಿಗೆ ಮೇಲೆ ಇಟ್ಟುಕೊಳ್ಳುತ್ತಾನೆ. ಇದು ಹೀರೋ ಎಂಟ್ರಿ! ಮುಂದೆ ದುಡ್ಡು ಕೊಟ್ಟು ಹುಡುಗಿಯರನ್ನು ಕರೆಸುತ್ತಾನೆ, ಅವರಿಗೆ ಪೊಲೀಸ್ ಯೂನಿಫಾರ್ಮ್ ಬೇರೆ. ಬೈಗುಳವಂತೂ ಲೆಕ್ಕ ಇಲ್ಲ.

ಉತ್ತರ: ನಾನು ಐರ್ಲೆಂಡಿನ ಗಾಲ್ವೆಯಲ್ಲಿ ಇರುವವಳು. ಕಥೆ ನಡೆಯುವ ಕಾನಮಾರಾ ಇಲ್ಲಿಂದ ಪಶ್ಚಿಮಕ್ಕೆ. ಸಬ್‌ಟೈಟಲ್ ಹಾಕಿಕೊಳ್ಳಿ, ಸಂಕೋಚ ಬೇಡ. ಬಾಯ್ಲ್ ಪಾತ್ರದ ಬ್ರೆಂಡನ್ ಗ್ಲೀಸನ್ ತಮಾಷೆಯನ್ನು ಮುಖ ಅಲ್ಲಾಡಿಸದೆ ಹೇಳುತ್ತಾರೆ. ಅರ್ಧ ಮಾತು ತಪ್ಪಿದರೆ ನಗುವೂ ತಪ್ಪಿತು. ಇಲ್ಲಿನ ಪೊಲೀಸರು, ಅಂದರೆ ಗಾರ್ಡಾ, ಮಾಮೂಲಿ ಡ್ಯೂಟಿಯಲ್ಲಿ ಬಂದೂಕು ಇಟ್ಟುಕೊಳ್ಳುವುದಿಲ್ಲ. ಇದೊಂದು ಗೊತ್ತಿದ್ದರೆ ಕೊನೆಯ ಭಾಗದ ಬಿಸಿ ಚೆನ್ನಾಗಿ ತಟ್ಟುತ್ತದೆ. ಇನ್ನೊಂದು, ಕಾನಮಾರಾದ ಹಲವು ಹಳ್ಳಿಗಳಲ್ಲಿ ಜನ ಇವತ್ತಿಗೂ ಮನೆಯಲ್ಲಿ ಐರಿಶ್ ಭಾಷೆ ಮಾತಾಡುತ್ತಾರೆ. ಎಫ್‌ಬಿಐನ ಎವರೆಟ್ ಮನೆ ಮನೆ ಬಾಗಿಲು ತಟ್ಟುವಾಗ ಅವರು ಬೇಕಂತಲೇ ಇಂಗ್ಲಿಷ್ ಬಿಟ್ಟು ಅದರಲ್ಲೇ ಉತ್ತರ ಕೊಡುತ್ತಾರೆ. ನಮ್ಮ ಮನೆಯಲ್ಲಿ ಜಾಸ್ತಿ ನಕ್ಕಿದ್ದು ಅಲ್ಲೇ.

ಉತ್ತರ: ನನಗೆ ಅರ್ಧಕ್ಕೇ ಬೇಸರ ಬಂತು. ಎವರೆಟ್ ಕಪ್ಪು ವರ್ಣದವನು. ಅವನು ಬಿಳಿಯ ಆರೋಪಿಗಳ ಫೋಟೋ ತೋರಿಸುತ್ತಿದ್ದರೆ ಬಾಯ್ಲ್, ಡ್ರಗ್ಸ್ ಮಾರುವವರೆಲ್ಲ ಕಪ್ಪು ಹುಡುಗರು ಅಂದುಕೊಂಡಿದ್ದೆ ಅನ್ನುತ್ತಾನೆ. ತುಂಬಿದ ಸಭೆಯಲ್ಲಿ! ಇದನ್ನು ಹಾಸ್ಯ ಅನ್ನಬೇಕಾ?

ಉತ್ತರ: ಮೇಲಿನವರೇ, ಇನ್ನೊಂದು ಸಲ ಪೂರ್ತಿ ನೋಡಿ ಅಂತೀನಿ. ಆ ಮಾತು ಹೊಲಸೇ, ಒಪ್ಪಿದೆ. ಆದರೆ ಸಿನಿಮಾ ನಿಂತಿರುವುದೇ ಆ ಅನುಮಾನದ ಮೇಲೆ: ಇವನು ನಿಜಕ್ಕೂ ದಡ್ಡನಾ, ಇಲ್ಲ ಎದುರಿನವನನ್ನು ಕೆಣಕಿ ಮಜಾ ತೆಗೆದುಕೊಳ್ಳುತ್ತಿದ್ದಾನಾ? ಡಾನ್ ಚೀಡ್ಲ್ ಮಾಡಿರುವ ಎವರೆಟ್ ಮೊದಲು ಉರಿಯುತ್ತಾನೆ, ಆಮೇಲೆ ಅಳೆಯಲು ಶುರು ಮಾಡುತ್ತಾನೆ. ನೀಟಾಗಿ ಮಾತಾಡುವ ಅಧಿಕಾರಿಗಳು ಕಳ್ಳರಿಗೆ ಮಾರಿಕೊಂಡಿರುತ್ತಾರೆ. ಕುಡಿದು, ಬಾಯಿಗೆ ಬಂದಂತೆ ಆಡುವ ಈ ಮನುಷ್ಯ ಮಾತ್ರ ಲಂಚಕ್ಕೆ ಬಗ್ಗುವುದಿಲ್ಲ. ಸಾಯುತ್ತಿರುವ ಅಮ್ಮನ ಜೊತೆ ಅವನು ಕೂತು ಹರಟುವ ದೃಶ್ಯಗಳನ್ನೂ ಬಿಡಬೇಡಿ. ಆ ತಾಯಿಯೂ ಮಗನಂತೆಯೇ ಬಾಯಿಬಡುಕಿ. ಇಬ್ಬರು ಪೊಲೀಸರು ಕೊನೆಗೆ ತಬ್ಬಿಕೊಂಡು ದೋಸ್ತಿಗಳಾಗುವ ಮಾಮೂಲಿ ಫಾರ್ಮುಲಾ ಇಲ್ಲಿಲ್ಲ, ಅದೇ ನನಗೆ ಹಿಡಿಸಿದ್ದು. ಕಳ್ಳರೋ, ಕಾರಿನಲ್ಲಿ ಕೂತು ತತ್ವಜ್ಞಾನಿಗಳ ಬಗ್ಗೆ ವಾದ ಮಾಡುತ್ತಾರೆ!

ಉತ್ತರ: ಒಂದು ಗೊಂದಲ ತಪ್ಪಿಸಲು. ಇದರ ನಿರ್ದೇಶಕ ಜಾನ್ ಮೈಕಲ್ ಮೆಕ್‌ಡೊನಾ. 2008ರ 'ಇನ್ ಬ್ರೂಜ್' ಸಿನಿಮಾ ಮಾಡಿದ್ದು ಅವರ ತಮ್ಮ ಮಾರ್ಟಿನ್. ಎರಡರಲ್ಲೂ ಗ್ಲೀಸನ್ ಇದ್ದಾರೆ. ಇದು ಹಿಡಿಸಿದರೆ ಅಣ್ಣನದೇ 'ಕ್ಯಾಲ್ವರಿ' ನೋಡಿ, ಆದರೆ ಅಲ್ಲಿ ನಗುವಿಗಿಂತ ನೋವು ಜಾಸ್ತಿ. ಕೊನೆಯ ದೃಶ್ಯದ ಬಗ್ಗೆ ಯಾರೂ ಇಲ್ಲಿ ಬರೆಯಬೇಡಿ ಪ್ಲೀಸ್. ಏನಾಯಿತು ಅಂತ ನಾನೂ ನನ್ನ ಹೆಂಡತಿಯೂ ಇನ್ನೂ ಜಗಳ ಆಡುತ್ತಿದ್ದೇವೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಶಂಕರ್‌ನಾಗ್ ಅವರ 'ಎಸ್.ಪಿ. ಸಾಂಗ್ಲಿಯಾನ' ಹಾಕಿಕೊಡುತ್ತೇನೆ. ಇದನ್ನು ಅವರು ಮಲಗಿದ ಮೇಲೆ ನಾನು, ತಂಗಿ ನೋಡುತ್ತೇವೆ, ಸಬ್‌ಟೈಟಲ್ ಹಾಕಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು.