ಡಿಸ್ಟ್ರಿಬ್ಯೂಟರ್ ತೆಗೆದು ಕಾಯಿಲ್ ಪ್ಯಾಕ್ ಹಾಕಿದೆ, 4500 ಆರ್‌ಪಿಎಂ ದಾಟಿದರೆ ಕಟ್ ಆಗ್ತಿದೆ

ಎಂಟುವಾಲ್ವ್:

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಕಾರ್ಬುರೇಟರ್ ಗಾಡಿ, 1600 ಸಿಸಿ, ನಾಲ್ಕು ಸಿಲಿಂಡರ್. ಈಗ ಅದಕ್ಕೆ ಥ್ರಾಟಲ್ ಬಾಡಿ, ಹೊರಗಿನ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಕ್ರ್ಯಾಂಕ್ ಪುಲಿಗೆ 36-1 ಹಲ್ಲಿನ ಚಕ್ರ (36 ಹಲ್ಲಿನ ಜಾಗದಲ್ಲಿ ಒಂದು ಖಾಲಿ, ಕ್ರ್ಯಾಂಕ್ ಸೆನ್ಸರ್ ಎಣಿಸಲು) ಎಲ್ಲಾ ಕೂಡಿಸಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕಿತ್ತು ಪಕ್ಕಕ್ಕಿಟ್ಟಿದ್ದೇನೆ. ಅದು ಕೂತಿದ್ದ ತೂತಿಗೆ ಅಲ್ಯೂಮಿನಿಯಂ ಮುಚ್ಚಳ ನಾನೇ ಮಾಡಿದೆ. ಸದ್ಯ ಈ ಇಂಜಿನ್ನಲ್ಲಿ ಆಯಿಲ್ ಜಿನುಗದ ಜಾಗ ಅಂದರೆ ಅದೊಂದೇ.

ಕಾಯಿಲ್ ಪ್ಯಾಕ್ ವೇಸ್ಟೆಡ್ ಸ್ಪಾರ್ಕಿನದು, ಅಂದರೆ ಒಂದು ಕಾಯಿಲ್ ಎರಡು ಸಿಲಿಂಡರಿಗೆ ಒಟ್ಟಿಗೇ ಕಿಡಿ ಹಾರಿಸುತ್ತೆ. 1-4 ಒಂದು ಜೋಡಿ, 2-3 ಇನ್ನೊಂದು. ಬೇರೆಲ್ಲೂ ಜಾಗ ಸಿಗದೆ ಇಂಜಿನ್ ಹಿಂದಿನ ತಗಡಿನ ಗೋಡೆಗೆ, ಅಂದರೆ ಫೈರ್‌ವಾಲ್‌ಗೆ, ರಬ್ಬರ್ ಬುಷ್ ಕೊಟ್ಟು ಕೂರಿಸಿದೆ. ಪ್ಲಗ್ ವೈರ್ 10 ಎಂಎಂ, ಒಳಗೆ ಶುದ್ಧ ತಾಮ್ರ. ರೆಸಿಸ್ಟೆನ್ಸ್ ಇಲ್ಲ, ಪೂರ್ತಿ ಕರೆಂಟ್ ಪ್ಲಗ್‌ಗೆ ಹೋಗುತ್ತೆ ಅಂದರು. ಕೆಂಪು ಬಣ್ಣವೂ ಕಣ್ಣಿಗೆ ಹಿಡಿಸಿತು. ಅದೇ ಜೋಶ್‌ನಲ್ಲಿ ಬಿಪಿಆರ್6ಇಎಸ್ ಪ್ಲಗ್ ತೆಗೆದು 'ಆರ್' (ಒಳಗೆ ರೆಸಿಸ್ಟರ್) ಇಲ್ಲದ ಬಿಪಿ6ಇಎಸ್ ಹಾಕಿದೆ.

ಐಡ್ಲಿಂಗ್ ಚೆನ್ನಾಗಿದೆ. 4500 ದಾಟಿದ ಕೂಡಲೇ ಯಾರೋ ಕೀ ಆಫ್ ಮಾಡಿ ಆನ್ ಮಾಡಿದ ಹಾಗೆ ಕಟ್. ಇಸಿಯು ಲಾಗ್ ನೋಡಿದರೆ ಆರ್‌ಪಿಎಂ ಗೆರೆ ನೆಟ್ಟಗೆ ಸೊನ್ನೆಗೆ ಬಿದ್ದು ಮತ್ತೆ ಮೇಲೇಳುತ್ತೆ. ಇನ್ನೂ ದೊಡ್ಡ ಕಾಯಿಲ್ ಹಾಕಬೇಕಾ? ಅಥವಾ ಕೂರಿಸಿದ ಜಾಗವೇ ತಪ್ಪಾ?

ಟರ್ಬೋತಮ್ಮ:

ಕಾಯಿಲ್ ವೀಕ್ ಬ್ರೋ. ಡ್ವೆಲ್ (ಕಾಯಿಲ್ ತುಂಬುವ ಸಮಯ) 5 ಮಿಲಿಸೆಕೆಂಡ್‌ಗೆ ಏರಿಸಿ ನೋಡಿ.

ಗ್ರೀಸ್‌ಕೈ:

ಡ್ವೆಲ್ ಮುಟ್ಟಬೇಡಿ ಮಾರಾಯ್ರೇ. ವೇಸ್ಟೆಡ್ ಸ್ಪಾರ್ಕ್‌ನಲ್ಲಿ ಪ್ರತಿ ಸುತ್ತಿಗೂ ಕಾಯಿಲ್ ಕಿಡಿ ಹಾರಿಸಬೇಕು. 6000ದಲ್ಲಿ ಒಂದು ಸುತ್ತಿಗೆ ಸಿಗುವುದೇ 10 ಮಿಲಿಸೆಕೆಂಡ್. ಈ ಥರದ ಕಾಯಿಲ್‌ಗಳಿಗೆ ಸಾಮಾನ್ಯವಾಗಿ 3ರ ಆಸುಪಾಸು ಸಾಕು. ಅದು ತುಂಬಿದ ಮೇಲೂ ಸುರಿದದ್ದೆಲ್ಲ ಬಿಸಿಯಾಗಿಯೇ ಹೋಗುವುದು. ನಾನು ಹೀಗೇ ಒಂದು ಪ್ಯಾಕ್ ಸುಟ್ಟುಕೊಂಡಿದ್ದೇನೆ. ಒಳಗಿನ ಎಪಾಕ್ಸಿ ಬಿರುಕು ಬಿಟ್ಟು ಬೆನ್ನಿನ ಮೇಲೆ ಕಂದು ಬಣ್ಣದ ಅಂಟು ಬಂದಿತ್ತು, ಹಲಸಿನ ಮೇಣದ ಹಾಗೆ.

ಎಂಟುವಾಲ್ವ್ ಅವರೇ, ನಿಮ್ಮ ಲಾಗೇ ಉತ್ತರ ಹೇಳ್ತಾ ಇದೆ. ಕಿಡಿ ಸೋತರೆ ಇಂಜಿನ್ ಮುಗ್ಗರಿಸುತ್ತೆ, ಆರ್‌ಪಿಎಂ ಗೆರೆ ಸೊನ್ನೆಗೆ ಬೀಳುವುದಿಲ್ಲ. ಓಡುತ್ತಿರುವ ಇಂಜಿನ್ ಒಂದು ಕ್ಷಣದಲ್ಲಿ ನಿಂತು ಮತ್ತೆ 4500ಕ್ಕೆ ಹೋಗಲು ಸಾಧ್ಯವಾ? ನಿಮ್ಮ ಇಸಿಯು ಹಲ್ಲಿನ ಲೆಕ್ಕ ತಪ್ಪುತ್ತಿದೆ. ಕ್ರ್ಯಾಂಕ್ ಸೆನ್ಸರ್ ವೈರಿಗೆ ವಿದ್ಯುತ್ ಗಲಾಟೆ (ನಾಯ್ಸ್) ನುಗ್ಗುತ್ತಿದೆ, ಆ ಗಲಾಟೆ ಹುಟ್ಟುವುದು ನಿಮ್ಮ ಕೆಂಪು ವೈರಿನಲ್ಲಿ.

ಆ 10 ಎಂಎಂ ಅನ್ನುವುದು ಹೊರಗಿನ ರಬ್ಬರಿನ ದಪ್ಪ. 7 ಆಗಲಿ 8 ಆಗಲಿ 10 ಆಗಲಿ, ಕಿಡಿಗೆ ಅದರಿಂದ ಏನೂ ಸೇರುವುದಿಲ್ಲ. ಒಳಗಿನ ಎಳೆ ಯಾವುದು ಅನ್ನುವುದೇ ವಿಷಯ. ಕಾರ್ಬನ್ ಎಳೆಯಾದರೆ ಒಂದು ಅಡಿಗೆ 5 ಸಾವಿರ ಓಮ್ ಹತ್ತಿರ ಇರುತ್ತೆ. ಸ್ಪೈರಲ್ ವೈರಿನಲ್ಲಿ ಸಣ್ಣ ತಂತಿಯನ್ನು ಸುರುಳಿ ಸುತ್ತಿರುತ್ತಾರೆ, ಅಡಿಗೆ ಕೆಲವೇ ನೂರು ಓಮ್, ಆದರೂ ಆ ಸುರುಳಿಯೇ ಗಲಾಟೆಯನ್ನು ತಡೆಯುತ್ತೆ. ನೇರ ತಾಮ್ರ ಅಂದರೆ ರೇಡಿಯೋ ಸ್ಟೇಷನ್‌ಗೆ ಆಂಟೆನಾ ಕಟ್ಟಿದ ಹಾಗೆ. ಕಾಂಟ್ಯಾಕ್ಟ್ ಪಾಯಿಂಟ್‌ನಿಂದ ಕಿಡಿ ಹಾರಿಸುತ್ತಿದ್ದ ಕಾಲದ ಗಾಡಿಗೆ ನಡೆಯುತ್ತಿತ್ತು, ಅಲ್ಲಿ ಕೆಡಲು ಇಸಿಯು ಎಲ್ಲಿತ್ತು?

ರೆಸಿಸ್ಟೆನ್ಸ್ ಕಿಡಿಯನ್ನು ತಿನ್ನುತ್ತೆ ಅನ್ನುವ ಹೆದರಿಕೆ ಬೇಡ. ಕಿಡಿ ಹಾರಿದಾಗ ಹರಿಯುವುದು ಕೆಲವು ಹತ್ತು ಮಿಲಿಆಂಪ್. 50 ಅಂತಲೇ ಹಿಡಿಯಿರಿ, 10 ಸಾವಿರ ಓಮ್‌ನಲ್ಲಿ ಹೋಗುವುದು 500 ವೋಲ್ಟ್. ಕಾಯಿಲ್ ಕೊಡುವುದು ಹತ್ತಾರು ಸಾವಿರ. ಹಾಗಾಗಿ 'ಆರ್' ಇರುವ ಪ್ಲಗ್ಗನ್ನೇ ವಾಪಸ್ ಹಾಕಿ, ಜೊತೆಗೆ 8 ಎಂಎಂ ಸ್ಪೈರಲ್ ವೈರ್.

ಇನ್ನು ಜಾಗ. ಇಂಜಿನ್ ಅಲುಗಾಡುತ್ತೆ, ಫೈರ್‌ವಾಲ್ ಅಲುಗಾಡುವುದಿಲ್ಲ. ಒಂದೊಂದು ಸಲ ಆಕ್ಸಿಲರೇಟರ್ ಒತ್ತಿದಾಗಲೂ ವೈರ್ ತನ್ನ ತುದಿಯ ಬೂಟನ್ನು (ಪ್ಲಗ್ ಮೇಲೆ ಕೂರುವ ರಬ್ಬರ್ ಟೊಪ್ಪಿ) ಎಳೆಯುತ್ತೆ. ಹೆಡ್ಡಿನ ತುದಿಯಲ್ಲಿ, ಎಕ್ಸಾಸ್ಟ್ ಇಲ್ಲದ ಕಡೆ, ಖಾಲಿ ಬೋಲ್ಟ್ ತೂತು ಇದೆಯಾ ನೋಡಿ. 4 ಎಂಎಂ ಪ್ಲೇಟಿನ ಬ್ರ್ಯಾಕೆಟ್ ಮಾಡಿ, ಕಾಯಿಲ್ ಅಡಿಗೆ ನಾಲ್ಕು ಸ್ಪೇಸರ್ ಕೊಡಿ, ಗಾಳಿ ಆಡಲಿ. ಕನೆಕ್ಟರ್ ಬಾಯಿ ಕೆಳಗೆ ನೋಡಲಿ, ಇಲ್ಲದಿದ್ದರೆ ನೀರು ನಿಲ್ಲುತ್ತೆ. ರಬ್ಬರ್ ಬುಷ್ ಬೇಕೇ ಬೇಕು ಅಂದರೆ ಕಾಯಿಲಿನ ಕಬ್ಬಿಣದ ಪಟ್ಟಿಯಿಂದ ಇಂಜಿನ್ನಿಗೆ ಒಂದು ಅರ್ತ್ ವೈರ್ ಎಳೆಯಿರಿ. ಈಗ ನಿಮ್ಮ ಕಾಯಿಲ್ ಗಾಳಿಯಲ್ಲಿ ತೇಲ್ತಾ ಇದೆ.

ಸೆನ್ಸರ್ ವೈರ್ ಎಲ್ಲಿಂದ ಹೋಗಿದೆ, ಫೋಟೋ ಹಾಕಿ.

ಟರ್ಬೋತಮ್ಮ:

ನನ್ನ ಗಾಡಿಗೂ ತಾಮ್ರದ ವೈರೇ ಇದೆ, ಏನೂ ತೊಂದರೆ ಇಲ್ಲವಲ್ಲ!

ಗ್ರೀಸ್‌ಕೈ:

ಪ್ಲಗ್ಗಿನಲ್ಲಿ 'ಆರ್' ಇದೆಯಾ ನೋಡು ತಮ್ಮಾ. ಇದ್ದರೆ ಅದೇ ನಿನ್ನನ್ನು ಕಾಪಾಡ್ತಾ ಇರುವುದು.

ಎಂಟುವಾಲ್ವ್:

ಫೋಟೋ ತೆಗೆಯಲು ಹೋಗಿ ನನಗೇ ನಾಚಿಕೆ ಆಯಿತು ಸಾರ್. ಸೆನ್ಸರ್ ವೈರನ್ನು ಎರಡನೇ ಸಿಲಿಂಡರಿನ ಪ್ಲಗ್ ವೈರಿಗೆ ಸೇರಿಸಿ ಟೈ ಹಾಕಿ ಬಿಗಿದಿದ್ದೇನೆ, ಒಂದು ಮೊಳ ಉದ್ದಕ್ಕೆ. ನೀಟಾಗಿ ಕಾಣಲಿ ಅಂತ. ಆ ವೈರಿನ ಶೀಲ್ಡ್ (ಲೋಹದ ಹೊದಿಕೆ) ಬೇರೆ ಎರಡೂ ತುದಿಯಲ್ಲಿ ಅರ್ತ್ ಆಗಿದೆ.

ಗ್ರೀಸ್‌ಕೈ:

ಅಯ್ಯೋ ದೇವರೇ! ಶೀಲ್ಡ್ ಇಸಿಯು ಕಡೆ ಮಾತ್ರ ಅರ್ತ್ ಇರಲಿ, ಸೆನ್ಸರ್ ಕಡೆ ಕತ್ತರಿಸಿ ಟೇಪ್ ಸುತ್ತಿ. ಸೆನ್ಸರ್ ವೈರ್ ಪ್ಲಗ್ ವೈರನ್ನು ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ, ಜೊತೆಜೊತೆಗೆ ಓಡಬಾರದು. ಪ್ಲಗ್ ವೈರುಗಳಲ್ಲಿ 1 ಮತ್ತು 4 ಒಂದಕ್ಕೊಂದು ತಾಗಿಕೊಂಡಿದ್ದರೂ ನಡೆಯುತ್ತೆ, ಹೇಗೂ ಒಟ್ಟಿಗೇ ಹಾರುವವು. 1 ಮತ್ತು 3 ಬೇರೆ ಬೇರೆ ಕ್ಲಿಪ್ಪಿನಲ್ಲಿ ಇರಲಿ. ಬೂಟ್ ಒಳಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಇಂಜಿನ್ ಓಡುವಾಗ ವೈರ್ ಕಿತ್ತು ಟೆಸ್ಟ್ ಮಾಡುವ ಹಳೇ ಚಾಳಿ ಇದ್ದರೆ ಬಿಟ್ಟುಬಿಡಿ. ಕೈಗೂ ಕೆಟ್ಟದು, ಕಾಯಿಲಿಗೂ ಕೆಟ್ಟದು.

ಎಂಟುವಾಲ್ವ್:

ಎಂಟು ದಿನದ ಮೇಲೆ ವರದಿ. ಮೊದಲು ಸೆನ್ಸರ್ ವೈರ್ ಮಾತ್ರ ಬೇರೆ ದಾರಿಯಲ್ಲಿ ಎಳೆದೆ, ಶೀಲ್ಡ್ ಸರಿ ಮಾಡಿದೆ. ಕಟ್ ಆಗುವುದು 4500ರಿಂದ 5600ಕ್ಕೆ ಹೋಯಿತು. ಆಮೇಲೆ 'ಆರ್' ಪ್ಲಗ್, ಸ್ಪೈರಲ್ ವೈರ್. ಈಗ 6500ರವರೆಗೆ ಗೆರೆ ಎಲ್ಲೂ ಬೀಳುತ್ತಿಲ್ಲ.

ಕಾಯಿಲನ್ನು ಹೆಡ್ಡಿನ ಹಿಂದುಗಡೆ ಕೂರಿಸಿದೆ. ಹಳೇ ವೈರ್ ಕಳಚುವಾಗ ಮೂರನೇ ಬೂಟ್ ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡಿತು, ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೂ ಅದರದೇ ಅಚ್ಚು. ಕಿಡಿ ಹೊರಗಿನಿಂದಲೇ ಇಳಿದು ಹೋಗ್ತಿತ್ತು ಅಂತ ಕಾಣುತ್ತೆ. ಈಗ ಒಂದೇ ತಕರಾರು: ನಾಲ್ಕನೇ ವೈರ್ ಒಂದೂವರೆ ಇಂಚು ಗಿಡ್ಡ ಆಯಿತು, ಬೂಟ್ ಸೊಟ್ಟಗೆ ಕೂತಿದೆ.

ಗ್ರೀಸ್‌ಕೈ:

ಎಳೆದು ಹಾಕಬೇಡಿ, ಮೂರನೇ ಬೂಟಿನ ಗತಿಯೇ ಅದಕ್ಕೂ. ಬ್ರ್ಯಾಕೆಟ್ ತೂತನ್ನು ನಾಲ್ಕನೇ ಸಿಲಿಂಡರ್ ಕಡೆಗೆ ಸರಿಸಿ ಕೊರೆಯಿರಿ, ವೈರಿಗಿಂತ ಪ್ಲೇಟ್ ಅಗ್ಗ.